ಐದನೇ ಸಾಲಿನ ಜೋಡಿ ಸೀಟು

ವಿಮಾನದ ಒಳಗಿನ ನಕ್ಷೆ ಕಂಪ್ಯೂಟರಿನಲ್ಲಿ ಬಿಚ್ಚಿಕೊಂಡಾಗ ಇರ್ಮೆಲಿಗೆ ಅದು ಮೇಲಿನಿಂದ ನೋಡಿದ ಮೀನಿನ ಹಾಗೆ ಕಂಡಿತು. ಮೂಗಿನ ಬಳಿ ಚೂಪು, ಹೊಟ್ಟೆಯ ತುಂಬ ಪುಟ್ಟ ಪುಟ್ಟ ಹಾಸಿಗೆಗಳು. ಇಷ್ಟೊಂದು ಜನ ಮಲಗಿದಲ್ಲೇ ಆಕಾಶದಲ್ಲಿ ತೇಲಿಕೊಂಡು ಹೋಗುತ್ತಾರಲ್ಲ ಎಂದುಕೊಳ್ಳುತ್ತ ಅವಳು ಬೆರಳನ್ನು ಗಾಳಿಯಲ್ಲೇ ಹಿಡಿದು ಕೂತುಬಿಟ್ಟಳು.

"ಕನಸು ಆಮೇಲೆ ಕಾಣು. ಮೊದಲು ಸೀಟು ಹಿಡಿ," ಎಂದಳು ಹೆಲ್ವಿ.

ಹೆಲ್ವಿ ಇರ್ಮೆಲಿಯ ಗಂಡ ತೈಸ್ತೊನ ಅಕ್ಕ. ಉತ್ತರದ ಚಳಿ ದೇಶದ ತಮ್ಮ ವರ್ಕೌಸ್ ಪಟ್ಟಣದ ಪ್ರವಾಸಿ ಕಚೇರಿ ಮುಚ್ಚುವವರೆಗೂ ಅಲ್ಲಿ ಕೂತು ಊರಿನ ಅರ್ಧ ಜನಕ್ಕೆ ಟಿಕೆಟ್ ಕೊಟ್ಟವಳು. ಯಾರು ಯಾರ ಪಕ್ಕ ಕೂರಲು ಬಯಸಿದರು, ಯಾರು ಬೇಡವೆಂದರು ಎಂಬುದರ ಮೇಲೆ ಊರಿನ ಸಂಸಾರಗಳ ಜಾತಕ ಬರೆಯಬಲ್ಲೆ ಎನ್ನುತ್ತಿದ್ದಳು. ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದಿ, ತೊಟ್ಟಿಕ್ಕುತ್ತಿದ್ದ ಅದೇ ತುಂಡಿನಿಂದ ಪರದೆಯ ಕಡೆ ತೋರಿಸಿದಳು.

"ಕಿಟಕಿ ಪಕ್ಕದ ಒಂಟಿ ಸೀಟು ಬೇಡ. ಅದು ಜಗಳ ಆಡ್ಕೊಂಡು ಬಂದೋರಿಗೆ, ಇಲ್ಲಾ ಕಂಪನಿ ಖರ್ಚಲ್ಲಿ ಹೋಗೋರಿಗೆ. ನಿಮಗೆ ಮಧ್ಯದ ಜೋಡಿ."

"ಹಾಗಾದ್ರೆ ಇದು," ಎಂದು ಇರ್ಮೆಲಿ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟಳು.

"ಅಯ್ಯೋ, ಕಣ್ಣು ಬಿಟ್ಟು ನೋಡೇ! ನಾಲ್ಕನೇ ಸಾಲಲ್ಲಿ ಇಬ್ಬರ ಮಧ್ಯೆ ಮೇಜಿದೆ. ನೀನು ಈ ದಡ, ಅವನು ಆ ದಡ. ಐದನೇದು ನೋಡು. ಮೇಜು ಆಚೆಗೆ, ತಲೆ ಈಚೆಗೆ. ಒಂದು ಸಾಲು ಬಿಟ್ಟು ಒಂದು ಸಾಲು ಹೀಗೇ. ಹೊಸದಾಗಿ ಮದುವೆ ಆದೋರು ಇದು ಗೊತ್ತಿಲ್ದೆ ನಾಲ್ಕರಲ್ಲಿ ಕೂತು, ವಾಪಸ್ ಬಂದು ನನ್ನ ಮುಂದೆ ಅಳ್ತಿದ್ರು."

"ನಾವೇನು ಹೊಸಬರಾ?"

"ಹಳಬರಿಗೆ ಇನ್ನೂ ಮುಖ್ಯ ಕಣೇ. ಮಧ್ಯೆ ಒಂದು ತಡಿಕೆ ಇರುತ್ತೆ. ಕೆಳಗೆ ಇಳಿಸಿಬಿಟ್ರೆ ಮನೆ ಮಂಚದ ಹಾಗೇ. ನನ್ನ ತಮ್ಮನ ಗೊರಕೆ ನೇರ ನಿನ್ನ ಕಿವಿಗೆ!"

ಹೆಲ್ವಿ ನಕ್ಕಳು. ಇರ್ಮೆಲಿ ನಗಲು ಹೋಗಿ ಕಾಫಿ ಕುಡಿದಳು. ಮನೆಯ ಮಂಚದ ಸುದ್ದಿ ಹೆಲ್ವಿಗೆ ಗೊತ್ತಿರಲಿಲ್ಲ.

ಆ ಮಂಚದಲ್ಲಿ ಆರು ವರ್ಷದಿಂದ ಇರ್ಮೆಲಿ ಒಬ್ಬಳೇ ಮಲಗುತ್ತಿದ್ದಳು. ಆಗ ಅವಳು ಬೇಕರಿಯಲ್ಲಿ ಕೆಲಸಕ್ಕಿದ್ದಳು. ಊರು ಏಳುವ ಮುಂಚೆ ಹಿಟ್ಟು ನಾದಬೇಕು. ಒಮ್ಮೆ ಗೊರಕೆ ತಡೆಯಲಾರದೆ, "ಇವತ್ತೊಂದಿನ ನಿದ್ದೆ ಮಾಡೋಕೆ ಬಿಡೋ," ಎಂದಳು. ತೈಸ್ತೊ ಮಾತಾಡದೆ ಎದ್ದು ತನ್ನ ಹೊದಿಕೆ ಎತ್ತಿಕೊಂಡು ಮಹಡಿಯ ಕೋಣೆಗೆ ಹೋದ. ಆ ದೇಶದಲ್ಲಿ ಗಂಡ ಹೆಂಡಿರು ಒಂದೇ ಮಂಚದಲ್ಲಿ ಮಲಗಿದರೂ ಹೊದಿಕೆ ಬೇರೆ ಬೇರೆ. ಒಂದೇ ಇದ್ದಿದ್ದರೆ ಯಾರು ಒಯ್ಯಬೇಕು, ಯಾರು ಬಿಡಬೇಕು ಎಂದಾದರೂ ಬಾಯಿ ಬಿಡಬೇಕಾಗುತ್ತಿತ್ತು. ಅವನದನ್ನು ಅವನು ಒಯ್ದ, ಅವಳದು ಅವಳಿಗೆ ಉಳಿಯಿತು, ಯಾರೂ ಏನೂ ಕೇಳಲಿಲ್ಲ. ಮರುದಿನ ಅವನು ಕೆಳಗೆ ಬರಲಿಲ್ಲ, ಅವಳು ಕರೆಯಲಿಲ್ಲ. ಅವಳು ಬೇಕರಿ ಬಿಟ್ಟು ಮನೆಯಲ್ಲೇ ಇರತೊಡಗಿದ ಮೇಲೂ ಮಹಡಿಯ ಹಲಗೆ ಮೇಲೆ ಅವನ ಹೆಜ್ಜೆ ಕೇಳುತ್ತಲೇ ಇತ್ತು.

ತೈಸ್ತೊ ಬಡಗಿ. ತನ್ನ ಪಾಲಿನ ಕಾಡಿನ ಮರ ಮಾರಿದಾಗ, ಜಪಾನಿನ ಹಳೆಯ ಮರದ ದೇಗುಲಗಳನ್ನು ಸಾಯುವ ಮುಂಚೆ ಮುಟ್ಟಿ ನೋಡಬೇಕು ಎಂದಿದ್ದ. ಇರ್ಮೆಲಿಗೆ ದೇಗುಲಕ್ಕಿಂತ ದಾರಿಯ ಆಸೆ. ವಿಮಾನದಲ್ಲಿ ಮಹಡಿ ಇಲ್ಲ. ಅಲ್ಲಿ ಅವನು ಅವಳ ಪಕ್ಕದಲ್ಲೇ ಮಲಗಬೇಕು. ಒಮ್ಮೆ ಮಲಗಿದರೆ, ಮನೆಗೆ ಬಂದ ಮೇಲೂ ಅದೇ ಅಭ್ಯಾಸ ತಾನಾಗಿ ಮುಂದುವರಿದೀತು, ಮಾತಿನ ಕೆಲಸವೇ ಬೀಳಲಿಕ್ಕಿಲ್ಲ. ಅವಳು ಐದನೇ ಸಾಲಿನ ಜೋಡಿಯನ್ನು ಒತ್ತಿದಳು. ಎರಡು ಪುಟ್ಟ ಹಾಸಿಗೆಗಳು ಒಟ್ಟಿಗೆ ನೀಲಿಯಾದವು.

ಸಂಜೆ ತೈಸ್ತೊ ಅಂಗಿಯ ಮರದ ಹೊಟ್ಟು ಕೊಡವಿಕೊಂಡು ಒಳಬಂದ.

"ಸೀಟು ಹಿಡಿದೆ. ಪಕ್ಕ ಪಕ್ಕ."

"ಹೂಂ," ಎಂದ ತೈಸ್ತೊ. ಆ ಮನೆಯಲ್ಲಿ ಹೂಂ ಎಂಬುದಕ್ಕೆ ಹತ್ತಾರು ಅರ್ಥ. ಇರ್ಮೆಲಿ ತನಗೆ ಬೇಕಾದ್ದನ್ನು ಆರಿಸಿಕೊಂಡಳು.

ಹೊರಡುವ ಹಿಂದಿನ ವಾರ ಅವಳು ಸುಮ್ಮನೆ ಖುಷಿಗೆಂದು ನಕ್ಷೆಯನ್ನು ಮತ್ತೆ ತೆರೆದಳು. ಐದನೇ ಸಾಲಿನಲ್ಲಿ ನೀಲಿ ಹಾಸಿಗೆ ಒಂದೇ ಇತ್ತು. ಪಕ್ಕದ್ದು ಬೂದು ಬಣ್ಣ, ಬೇರೆ ಯಾರದೋ ಪಾಲು. ಇನ್ನೊಂದು ನೀಲಿ ಹುಡುಕುತ್ತ ಹೋದರೆ ಹಿಂದೆ, ಎಡಗಡೆ, ಕಿಟಕಿಯ ಒಂಟಿ ಸೀಟಿನಲ್ಲಿ ಸಿಕ್ಕಿತು.

ಹೆಲ್ವಿಗೆ ಫೋನ್ ಮಾಡಿದಳು. "ಕಂಪ್ಯೂಟರ್ ತಪ್ಪು ಮಾಡಿರಬೇಕು."

"ತಾನಾಗಿ ಹಾಗೆಲ್ಲ ಬದಲಾಗಲ್ಲ," ಎಂದಳು ಹೆಲ್ವಿ. "ಯಾರೋ ಫೋನ್ ಮಾಡಿ ಕೇಳಿರಬೇಕು."

ತೈಸ್ತೊ ಹಲ್ಲು ನೋವಿನಲ್ಲಿ ಒದ್ದಾಡುವಾಗಲೂ ಡಾಕ್ಟರಿಗೆ ಫೋನ್ ಮಾಡದವನು. ಗುರುತಿಲ್ಲದವರ ದನಿ ಕೇಳಿದರೆ ಬೆವರುವವನು. ಅಂಥವನು ಫೋನ್ ಎತ್ತಿ, ಸರದಿ ಕಾದು, ಯಾವುದೋ ಹೆಂಗಸಿನ ಹತ್ತಿರ ಮಾತಾಡಿ, ನನ್ನನ್ನು ಹೆಂಡತಿಯಿಂದ ದೂರ ಹಾಕಿ ಎಂದಿದ್ದಾನೆ.

"ಕೇಳು ಅವನನ್ನ."

"ಹೇಗೆ ಕೇಳಲಿ?"

"ಬಾಯಿಂದ ಕಣೇ! ಮತ್ತಿನ್ನೇನ್ ಮೂಗಿಂದಾನಾ?"

ಶನಿವಾರ ಇಬ್ಬರೂ ಎಂದಿನಂತೆ ಕೆರೆಯ ದಡದ ಸೌನಾದಲ್ಲಿ, ಕಾದ ಕಲ್ಲಿಗೆ ನೀರೆರೆದು ಹಬೆ ಎಬ್ಬಿಸುವ ಮರದ ಕೋಣೆಯಲ್ಲಿ, ಕೂತರು. ಹಬೆಯಲ್ಲಿ ಅವನ ಮುಖ ಕಾಣುತ್ತಿರಲಿಲ್ಲ, ಮಂಡಿಗಳು ಮಾತ್ರ ಕಾಣುತ್ತಿದ್ದವು. ಕೇಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. "ತೈಸ್ತೊ," ಎಂದಳು. "ಹೂಂ?" ಎಂದ. ಕೇಳಿದರೆ ಉತ್ತರ ಬರುತ್ತದೆ, ಬಂದ ಉತ್ತರದ ಜೊತೆ ಉಳಿದ ಕಾಲವೆಲ್ಲ ಬಾಳಬೇಕಾಗುತ್ತದೆ. "ಇನ್ನೊಂದು ಸೌಟು ನೀರು ಹಾಕು," ಎಂದಳು. ಕಲ್ಲುಗಳು ಬುಸುಗುಟ್ಟಿದವು.

ವಿಮಾನ ಹತ್ತಿದಾಗ ತೈಸ್ತೊ ಅವಳ ಚೀಲವನ್ನು ಐದನೇ ಸಾಲಿನ ಮೇಲೆ ಇಟ್ಟುಕೊಟ್ಟು, "ಚೆನ್ನಾಗಿ ಮಲಗು," ಎಂದು ಹೇಳಿ ಹಿಂದೆ ನಡೆದ. ಅವಳ ಪಕ್ಕಕ್ಕೆ ತೆಳ್ಳಗಿನ, ಕನ್ನಡಕದ ಒಬ್ಬ ಗಂಡಸು ಬಂದ. ಗಂಡ ಹೆಂಡಿರಿಗಾಗಿ ಹತ್ತಿರ ಹತ್ತಿರ ಮಾಡಿಟ್ಟ ಸೀಟುಗಳು. ಇಬ್ಬರ ಮೊಣಕೈ ನಡುವೆ ಒಂದು ಗೇಣೂ ಇರಲಿಲ್ಲ. ಅವನು ಒಮ್ಮೆ ತಲೆಯಾಡಿಸಿದ, ಅವಳೂ ಆಡಿಸಿದಳು. ಆಮೇಲೆ ಇಬ್ಬರ ಕೈಯೂ ಒಟ್ಟಿಗೆ ತಡಿಕೆಯ ಗುಂಡಿಗೆ ಹೋಗಿ, ಇಬ್ಬರೂ ಬೆಂಕಿ ಮುಟ್ಟಿದಂತೆ ಹಿಂದೆಗೆದರು. ಕೊನೆಗೆ ಅವನೇ ಒತ್ತಿದ. ತಡಿಕೆ ಮೇಲೆದ್ದಿತು. ಇಬ್ಬರೂ ಬದುಕಿದೆವು ಎಂದುಕೊಂಡರು.

ಜೂನ್ ತಿಂಗಳು. ವಿಮಾನ ಉತ್ತರಕ್ಕೆ, ಇನ್ನೂ ಉತ್ತರಕ್ಕೆ ಹೋಯಿತು. ಊಟ ಮುಗಿದು, ಹಾಸಿಗೆಗಳು ಬಿಚ್ಚಿಕೊಂಡು, ಕಿಟಕಿಗಳ ಪರದೆ ಒಂದೊಂದಾಗಿ ಇಳಿದವು. ಆದರೆ ಪರದೆಗಳ ಅಂಚಿನಲ್ಲಿ ಚಿನ್ನದ ಗೆರೆ ಉಳಿದೇ ಇತ್ತು. ರಾತ್ರಿ ಎಂದು ಎಲ್ಲರೂ ಒಪ್ಪಿಕೊಂಡಿದ್ದರು, ಸೂರ್ಯನೊಬ್ಬ ಒಪ್ಪಿರಲಿಲ್ಲ. ವಿಮಾನದ ಗುಂಯ್ ಎನ್ನುವ ಸದ್ದು ಮೈಯೊಳಗೇ ಹುಟ್ಟಿದಂತಿತ್ತು. ಇರ್ಮೆಲಿ ಮಲಗಿದಳು. ಹಾಸಿಗೆ ಮೆತ್ತಗಿತ್ತು, ಕತ್ತಲೆ ಹದವಾಗಿತ್ತು, ಪಕ್ಕದವನು ಸತ್ತವನಂತೆ ನಿಶ್ಶಬ್ದ. ನಿದ್ದೆಗೆ ಬೇಕಾದ್ದೆಲ್ಲ ಇತ್ತು. ನಿದ್ದೆ ಬರಲಿಲ್ಲ.

ಅರೆ ಎಚ್ಚರದಲ್ಲಿ ಅವಳಿಗೆ ತಾನು ಮನೆಯಲ್ಲೇ ಇದ್ದೇನೆ ಎನಿಸಿತು. ಮನೆಯೇ ನೆಲದಿಂದ ಕಿತ್ತು ಮೇಲೆದ್ದು ಹಿಮದ ಮೇಲೆ ತೇಲುತ್ತಿದೆ, ಮಹಡಿಯ ಕೋಣೆ ಮಾತ್ರ ಮೆಲ್ಲಗೆ ಬೇರ್ಪಟ್ಟು ಬೇರೆ ದಿಕ್ಕಿಗೆ ಹೋಗುತ್ತಿದೆ. ಕಿಟಕಿಯಲ್ಲಿ ತೈಸ್ತೊ ನಿಂತಿದ್ದಾನೆ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಅವಳು ಸಭ್ಯತೆಯಿಂದ ಕೈ ಬೀಸುತ್ತಿದ್ದಾಳೆ.

ಥಟ್ಟನೆ ಎದ್ದು ಕೂತಳು. ಕಾಲುಚೀಲದಲ್ಲೇ ಹಿಂದೆ ನಡೆದಳು.

ತೈಸ್ತೊ ಮಲಗಿರಲಿಲ್ಲ. ಹಾಸಿಗೆ ಬಿಚ್ಚಿದ್ದ, ಅದರ ಮೇಲೆ ಬಸ್ಸಿಗೆ ಕಾಯುವವನಂತೆ ನೆಟ್ಟಗೆ ಕೂತಿದ್ದ. ಅವನ ಕಿಟಕಿಯ ಪರದೆ ಒಂದು ಗೇಣು ತೆರೆದಿತ್ತು. ಬೆಳಕು ಅವನ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಕಣ್ಣುಗಳು ಕೆಂಪಾಗಿದ್ದವು.

"ಯಾಕೆ ಮಲಗಿಲ್ಲ?"

"ಇಷ್ಟು ಜನ ಇದ್ದಾರೆ. ಗೊರಕೆ ಬರುತ್ತೆ," ಎಂದ ಪಿಸುದನಿಯಲ್ಲಿ.

"ಜಪಾನಿನ ತನಕ ಹೀಗೇ ಕೂತಿರ್ತೀಯಾ?"

"ಹೂಂ."

ಅವಳು ಅವನ ಹಾಸಿಗೆಯ ತುದಿಯಲ್ಲಿ ಕೂತಳು. ಕೆಳಗೆ ಹಿಮ ಬಿರುಕುಬಿಟ್ಟ ಹಾಲಿನ ಕೆನೆಯ ಹಾಗೆ ಕೊನೆಯಿಲ್ಲದೆ ಹರಡಿತ್ತು.

"ಸೀಟು ಯಾಕೆ ಬದಲಾಯಿಸ್ದೆ?" ಕೇಳಿಯೇ ಬಿಟ್ಟಳು. ಕೇಳಿದ ಮೇಲೆ ಕಿಟಕಿ ಕಡೆ ನೋಡಿದಳು.

ತೈಸ್ತೊ ಬಹಳ ಹೊತ್ತು ಕೈಬೆರಳ ಗಂಟುಗಳನ್ನು ಸವರಿಕೊಂಡ. "ನೀನು ಅಷ್ಟು ಆಸೆಯಿಂದ ಹಾಸಿಗೆ ಸೀಟು ತಗೊಂಡೆ. ಒಂದಿನ ನಿದ್ದೆ ಮಾಡೋಕೆ ಬಿಡು ಅಂದಿದ್ದೆ ನೀನು. ಇಲ್ಲೂ ನಾನು ಪಕ್ಕದಲ್ಲಿ ಬಂದು ಕೆಡಿಸಬೇಕಾ ಅಂತ."

"ಒಂದಿನ ಅಂದಿದ್ದೆ ಕಣೋ, ಕತ್ತೆ! ಒಂದಿನ!" ದನಿ ಜೋರಾಯಿತೆಂದು ಅವಳೇ ಬಾಯಿ ಮುಚ್ಚಿಕೊಂಡಳು. "ಆವತ್ತು ಒಂದಿನ ಮಲಗಿದ್ದು ನಾನು. ಅಲ್ಲಿಂದೀಚೆಗೆ ಸರಿಯಾಗಿ ನಿದ್ದೆನೇ ಇಲ್ಲ. ನೀನು ಮೇಲೆ ಮಗ್ಗುಲು ಬದಲಾಯಿಸಿದ್ರೂ ಕೇಳ್ಸುತ್ತೆ. ಕೇಳ್ಸದೇ ಇದ್ರೆ ಎದ್ದು ಕೂತು ಕೇಳ್ತೀನಿ."

"ನೀನು ಕರೀಲಿಲ್ಲ."

"ನೀನು ಬರ್ಲಿಲ್ಲ."

ಗಗನಸಖಿ ಅವರ ಮುಂದೆ ನಿಂತು, ಒಬ್ಬರ ಹಾಸಿಗೆಯಲ್ಲಿ ಇಬ್ಬರನ್ನು ನೋಡಿ, ಬೆಲ್ಟಿನ ದೀಪ ಹತ್ತಿದರೆ ಅಮ್ಮ ತಮ್ಮ ಜಾಗಕ್ಕೆ ಹೋಗಬೇಕಾಗುತ್ತದೆ ಎಂದಳು. ಹೋಗುತ್ತೇನೆ ಎಂದಳು ಇರ್ಮೆಲಿ. ಆ ಹುಡುಗಿ ಎರಡು ಲೋಟ ನೇರಳೆ ಹಣ್ಣಿನ ರಸ ತಂದಿಟ್ಟು, ಇನ್ನೇನೂ ನೋಡದವಳಂತೆ ಹೊರಟುಹೋದಳು.

"ಮನೆಗೆ ಹೋದ ಮೇಲೆ ಕೆಳಗೆ ಬಾ," ಎಂದಳು ಇರ್ಮೆಲಿ. ಮೂವತ್ತೈದು ವರ್ಷದ ಸಂಸಾರದಲ್ಲಿ ಇಷ್ಟು ಬಿಚ್ಚಿ ಹೇಳಿದ್ದು ಇದೇ ಮೊದಲು. ಕಿವಿ ಬಿಸಿಯಾಯಿತು.

"ಗೊರಕೆ?"

"ಹೊಡ್ಕೋ."

ತೈಸ್ತೊ ಹೂಂ ಎನ್ನಲಿಲ್ಲ. "ಬರ್ತೀನಿ," ಎಂದ. ರಸ ಕುಡಿದು ಲೋಟ ಕೆಳಗಿಟ್ಟು ಅವಳ ಕಡೆ ಸರಿದ. ವಿಮಾನ ಭೂಮಿಯ ನೆತ್ತಿಯನ್ನು ದಾಟುತ್ತಿತ್ತು. ಅಲ್ಲಿ ಎಲ್ಲಿ ನೋಡಿದರೂ ದಕ್ಷಿಣವೇ, ಯಾವ ಗಂಟೆ ಎಂದರೆ ಆ ಗಂಟೆ. ಬೆಳಕು ಅವರ ಮಂಡಿಗಳ ಮೇಲೆ ನಿಧಾನವಾಗಿ ಹರಿದಾಡಿತು. ಅವನ ತಲೆ ಒಮ್ಮೆ ತೂಗಿತು, ಎರಡು ಸಲ ತೂಗಿತು, ಆಮೇಲೆ ಅವಳ ಭುಜದ ಮೇಲೆ ಬಂದು ಕೂತಿತು. ಮೊದಲು ಸಣ್ಣ ಸಿಳ್ಳೆ. ಅದರ ಹಿಂದೆಯೇ ಗರಗಸ ದಿಮ್ಮಿಗೆ ಬಿದ್ದ ಸದ್ದು.

ಮುಂದಿನ ಸಾಲಿನ ಗೋಡೆಯ ಮೇಲೆ ಒಂದು ತಲೆ ಎದ್ದಿತು. ಕಣ್ಣುಪಟ್ಟಿಯನ್ನು ಹಣೆಗೇರಿಸಿಕೊಂಡ, ಕೂದಲು ಕೆದರಿದ ಗಂಡಸು. ಅವನು ಏನೂ ಹೇಳಲಿಲ್ಲ. ಅವರ ಕಡೆಯ ಜನ ಹೇಳುವುದಿಲ್ಲ, ಸುಮ್ಮನೆ ನೋಡುತ್ತಾರೆ. ಆ ನೋಟಕ್ಕೆ ಬೇರೆ ದಿನವಾಗಿದ್ದರೆ ಇರ್ಮೆಲಿ ಗಂಡನನ್ನು ಅಲುಗಿಸಿ ಎಬ್ಬಿಸುತ್ತಿದ್ದಳು, ಕ್ಷಮಿಸಿ ಎನ್ನುತ್ತಿದ್ದಳು, ನೆಲ ನೋಡುತ್ತಿದ್ದಳು.

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ನನ್ನ ಗಂಡ," ಎಂದಳು. "ನಿದ್ದೆ ಮಾಡ್ತಿದ್ದಾರೆ."

ತಲೆ ಮೆಲ್ಲನೆ ಕೆಳಗಿಳಿಯಿತು. ಇರ್ಮೆಲಿ ಕಿಟಕಿಯ ಪರದೆಯನ್ನು ಪೂರ್ತಿ ಎಳೆದು, ಭುಜವನ್ನು ಒಂದಿಷ್ಟೂ ಅಲುಗಿಸದೆ, ತಾನೂ ಕಣ್ಣು ಮುಚ್ಚಿದಳು.