ನಕ್ಕ ಸೊಸೆ

ಜುಗೂಳದ ಹತ್ತಿರ ಕೃಷ್ಣೆಯಲ್ಲಿ ದೋಣಿ ಮಗುಚಿದಾಗ ಮನಿಷಾ ಬದುಕಿದಳು. ಅವಳ ಕೈ ಹಿಡಿದಿದ್ದ ನಾಲ್ಕು ವರ್ಷದ ಮಗ ವಿಕ್ರಾಂತ ಬದುಕಲಿಲ್ಲ. ಅದು ೨೦೧೪ರ ಮಳೆಗಾಲ. ಅಂದಿನಿಂದ ಕೊಡಕ್ಕೆ ನೀರು ಬೀಳುವ ಸದ್ದು ಕೇಳಿದರೂ ಅವಳಿಗೆ ಉಸಿರು ಕಟ್ಟುತ್ತಿತ್ತು. ಸ್ನಾನವೆಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು. ಕಣ್ಣು ಹತ್ತಿದರೆ ಮಗುವಿನ ಬೆರಳುಗಳು ಜಾರಿದಂತಾಗಿ ಚೀರಿ ಏಳುತ್ತಿದ್ದಳು.

ಅವಳು ಚೀರಿದಾಗಲೆಲ್ಲ ಅತ್ತೆ ಕೆಂಚವ್ವ ಬಂದು ಪಕ್ಕದಲ್ಲಿ ಕೂಡುತ್ತಿದ್ದಳು. ಇಬ್ಬರೂ ಕೂಡಿ ಅಳುತ್ತಿದ್ದರು. ಹಿಂದೆಂದೂ ಸೊಸೆಯೊಡನೆ ನೆಟ್ಟಗೆ ಮಾತಾಡದ ಕೆಂಚವ್ವ ಈಗ ಅವಳ ತಲೆ ನೇವರಿಸುತ್ತಿದ್ದಳು. ಗಂಡ ಅಣ್ಣಾಸಾಬ ಎಮ್ಮೆ ಕಟ್ಟುವ ಕಡೆ ಹಾಸಿಗೆ ಒಯ್ದ.

ಎರಡು ವರ್ಷದ ಮೇಲೆ ತವರೂರು ಭೋಜದಿಂದ ಬಂದ ಅವಳ ಅಣ್ಣ ಮಲಕಾರಿ, ಹಟ ಹಿಡಿದು ತಂಗಿಯನ್ನು ಮಿರಜಿನ ಮನೋರೋಗದ ಆಸ್ಪತ್ರೆಗೆ ಕರೆದೊಯ್ದ. ಗುಳಿಗೆಗಳಿಂದ ಗುಣ ಕಾಣದಾಗ ಡಾಕ್ಟರ್ ನೀಲಮ ಮಷಿನ್ನಿನ ಮಾತೆತ್ತಿದರು.

"ಕರೆಂಟ್ ಕೊಡತೀರೇನ್ರಿ?" ಮನಿಷಾ ಕೇಳಿದಳು.

"ಇದು ಶಾಕ್ ಅಲ್ಲವ್ವಾ. ತಲಿ ಮ್ಯಾಲ ಒಂದು ಸುರುಳಿ ಇಡತೀವಿ, ಅಯಸ್ಕಾಂತದ ಬಡಿತ ಒಳಗ ಮುಟ್ಟತೈತಿ. ಕೊಯ್ಯೂದಿಲ್ಲ, ಎಚ್ಚರನ ಇರತಿ. ಎಲ್ಲಾರಿಗೂ ಗುಣ ಆಗತೈತಿ ಅಂತ ಹೇಳಾಕ ಬರೂದಿಲ್ಲ. ನೋಡೂಣು."

"ಮಗನ್ನ ಮರೀತೇನೇನ್ರಿ?"

"ನೆನಪ ಎಲ್ಲೂ ಹೋಗೂದಿಲ್ಲ. ಅಂಜಿಕಿ ಕಮ್ಮಿ ಆಗಬಹುದು."

ಮಲಕಾರಿ ಮಿರಜಿನಲ್ಲೇ ಬಾಡಿಗೆಗೆ ಖೋಲಿ ಹಿಡಿದ. ದಿನಾ ಆಸ್ಪತ್ರೆಯಲ್ಲಿ ಮನಿಷಾಳ ಹಣೆಯ ಬಲಗಡೆ ಮಷಿನ್ನಿನ ಟಕಟಕ ಬಡಿತ. ಹುಬ್ಬು ತಾನಾಗಿ ಅದುರುತ್ತಿತ್ತು. ಅದು ಮುಗಿದ ಮೇಲೆ ಡಾಕ್ಟರು ಅವಳಿಂದ ಹೊಳೆಯ ಕತೆಯನ್ನೇ ಹೇಳಿಸುತ್ತಿದ್ದರು. ಮೊದಮೊದಲು ಏನೂ ಆಗಲಿಲ್ಲ. ವಾರಗಳು ಕಳೆದು ಒಂದು ಬೆಳಿಗ್ಗೆ ಬಚ್ಚಲಿನಿಂದ ನೀರು ಸುರಿದುಕೊಳ್ಳುವ ಸದ್ದು ಕೇಳಿತು. ಹೊರಗಿದ್ದ ಮಲಕಾರಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಊರಿಗೆ ಮರಳಿದ ಮನಿಷಾ ಒಂದು ದಿನ ರೊಟ್ಟಿ ಬಡಿಯುತ್ತ, ವಿಕ್ರಾಂತ ತನ್ನ ಚಪ್ಪಲಿಯನ್ನು ಕರುವಿನ ಕಾಲಿಗೆ ತೊಡಿಸಲು ಹೋಗಿದ್ದನ್ನು ನೆನೆದು ನಕ್ಕಳು.

ಕೆಂಚವ್ವನ ಕೈಯ ತುತ್ತು ಗಂಗಾಳಕ್ಕೆ ಬಿತ್ತು. "ನಗತೀ ಏನ?"

"ಅಂವಾ ಹಂಗ ಮಾಡತಿದ್ದಾ ಅಲ್ರಿ, ಅತ್ತಿ..."

"ನನ್ನ ಮೊಮ್ಮಗನ್ನ ಮಷಿನ್ ಹಚ್ಚಿ ತಲ್ಯಾಗಿಂದ ತಗಸಿ ಬಂದೀ. ಇನ್ನ ಈ ಮನ್ಯಾಗ ನಾನೊಬ್ಬಾಕಿನ ಅಳಬೇಕೇನ?"

ತಾಯಿಯ ಕಾಟ ತಾಳದೆ ಅಣ್ಣಾಸಾಬ ಮಿರಜಿಗೆ ಹೋದ. "ಅಕೀನ್ನ ಮೊದಲಿನಂಗ ಮಾಡಾಕ ಬರತೈತೇನ್ರಿ?"

ಡಾಕ್ಟರಿಗೆ ತಾವು ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. "ಹೆಂಡತಿ ಆರಾಮಾಗಿದ್ದು ನಿಮಗ ಬ್ಯಾಡೇನು?"

"ಅವ್ವಗ ಸೇರವಲ್ದುರಿ," ಎಂದು ಅವನು ನೆಲ ನೋಡಿದ. ಅವರು ಬೈದು ಕಳಿಸಿದರು.

ಮರುದಿನವೇ ಕೆಂಚವ್ವ, ಮಗುವಿನ ಹೆಸರಲ್ಲಿ ಎಡೆ ಬಿಡೋಣವೆಂದು ಸೊಸೆಯನ್ನು ಹೊಳೆಗೆ ಕರೆದಳು. ಮನಿಷಾ ತಾನೇ ಹೋಳಿಗೆ ಮಾಡಿ ಒಯ್ದಳು. ಅಣ್ಣಾಸಾಬ ಜೊತೆಗೆ ಬಂದು ದಂಡೆಯ ಮೇಲೆ ನಿಂತ. ಒಂದೊಂದೇ ಹೆಜ್ಜೆ ಇಟ್ಟು ಮೊಣಕಾಲುದ್ದ ನೀರಿಗೆ ಇಳಿದಳು. ಎಡೆ ಬಿಡಲು ಬಾಗಿದಾಗ ಕೆಂಚವ್ವ ಹಿಂದಿನಿಂದ ಅವಳ ಜಡೆ ಹಿಡಿದು ಮುಖವನ್ನು ನೀರಿಗೆ ಅದುಮಿದಳು. ಮೇಲೆತ್ತಿ ಕಿವಿಯಲ್ಲಿ ಕೇಳಿದಳು:

"ಹೇಳ, ಯಾರ ಕೈ ಬಿಟ್ಟಿ?"

ಮತ್ತೆ ಅದುಮಿದಳು. ಮನಿಷಾ ದಂಡೆಯತ್ತ ಕೈ ಚಾಚಿದಳು.

"ಸಾಕು ಬಿಡ ಬೇ," ಎಂದ ಅಣ್ಣಾಸಾಬ. ನೀರಿಗೆ ಇಳಿಯಲಿಲ್ಲ.

ಅಂದು ಸಂಜೆ ಯಾರೋ ಹಂಡೆಗೆ ನೀರು ಸುರಿದಾಗ ಮನಿಷಾ ಚೀರಿದಳು. ಕೆಂಚವ್ವ ಓಡಿ ಬಂದು ತಬ್ಬಿಕೊಂಡಳು. "ಅಳ ನನ್ನವ್ವಾ, ಅಳ. ನಾ ಅದೇನಿ."

ಸುದ್ದಿ ತಿಳಿದು ಮಲಕಾರಿ ಬಂದಾಗ ಅಣ್ಣಾಸಾಬ ಹೇಳಿದ: "ಮಷಿನ್ ಹತ್ತಲಿಲ್ಲ. ಸುಮ್ಮ ತಲಿ ಕೆಡಸಿ ಕಳಸ್ಯಾರ."

"ಏಳ ತಂಗಿ, ಮತ್ತ ಮಿರಜಿಗಿ ಹೋಗೂಣು," ಎಂದು ಮಲಕಾರಿ ಎಬ್ಬಿಸಲು ಹೋದ. ಮನಿಷಾ ಹೆದರಿ ಅತ್ತೆಯ ಬೆನ್ನ ಹಿಂದೆ ಸರಿದು, ಅವಳ ಸೀರೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.