ಶೇಷಪ್ಪನವರ ಮರಳಿನ ಗುಹೆ

ಯಾರ ಮಾತನ್ನೂ ಕೇಳದ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಭದ್ರಾವತಿಯ ಶೇಷಪ್ಪನವರ ಮನೆಯಲ್ಲಿ ಆ ಒಬ್ಬರು ಶೇಷಪ್ಪನವರೇ. ಮೂವತ್ತೆರಡು ವರ್ಷ ಫೌಂಡ್ರಿಯಲ್ಲಿ, ಕಬ್ಬಿಣ ಎರಕ ಹೊಯ್ಯಲು ಮರಳಿನ ಅಚ್ಚು ಮಾಡಿ ನಿವೃತ್ತರಾದವರು. ಮರಳಿನ ವಿಷಯದಲ್ಲಿ ತಮಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲವೆಂದು ಅವರ ನಂಬಿಕೆ.

ಆ ಭಾನುವಾರ ಮನೆಮಂದಿಯೆಲ್ಲ ರಾತ್ರಿಯೇ ಹೊರಟು, ಟೆಂಪೊ ಮಾಡಿಕೊಂಡು ಬೆಳಗಾಗುವಷ್ಟರಲ್ಲಿ ಕಡಲತೀರಕ್ಕೆ ಹೋದರು. ಅಲ್ಲಿ ಮರಳು ದಿಬ್ಬಗಳ ಪಕ್ಕ ಕಲಾವಿದನೊಬ್ಬ ಮರಳಿನಲ್ಲೇ ಆನೆ ಮಾಡಿದ್ದ. ಮೊಮ್ಮಗಳು ಇಂಪನಾ ಅದಕ್ಕೆ ಚಪ್ಪಾಳೆ ತಟ್ಟಿದ್ದೇ ತಡ, ಶೇಷಪ್ಪನವರಿಗೆ ಹೊಟ್ಟೆ ಉರಿಯಿತು.

"ಇದೇನು ಮಹಾ, ಪುಟ್ಟಿ? ತಾತ ನಿಂಗೆ ಒಳಗೆ ಕೂರೋ ಹಂಗೆ ಗುಹೆನೇ ಮಾಡ್ಕೊಡ್ತೀನಿ" ಎಂದು ದಿಬ್ಬದ ಬುಡ ಅಗೆಯತೊಡಗಿದರು.

ಜೊತೆಗೆ ಬಂದಿದ್ದ ಪಕ್ಕದ ಮನೆಯ ನರ್ಸ್ ಶಾಂಭವಿ ಓಡಿಬಂದಳು. "ಬೇಡ ಶೇಷಪ್ಪಣ್ಣ. ಮರಳು ಯಾವಾಗ ಕುಸಿಯುತ್ತೋ ಹೇಳಕ್ಕಾಗಲ್ಲ. ಮಗು ಒಳಗಿದ್ರೆ ಉಸಿರು ಕಟ್ಟುತ್ತೆ."

"ನನ್ನ ಅಚ್ಚು ಒಂದಾದ್ರೂ ಕುಸಿದಿದ್ದು ಕೇಳಿದೀಯಾ, ಮಾರಾಯ್ತಿ?"

"ಅಚ್ಚಿನ ಮರಳಿಗೆ ಜೇಡಿಮಣ್ಣು ಕಲಸ್ತಿದ್ವಿ ಅಂತ ನೀವೇ ಹೇಳಿದ್ರಿ. ಇಲ್ಲಿ ಯಾರು ಕಲಸಿದಾರೆ? ಆ ಆನೆನೂ ಗಟ್ಟಿ ಗುಡ್ಡೆ ಹಾಕಿ ಹೊರಗಿಂದ ಕೆತ್ತಿರೋದು. ಅದರ ಹೊಟ್ಟೆ ಟೊಳ್ಳು ಮಾಡಿಲ್ಲ."

ಶೇಷಪ್ಪನವರಿಗೆ ಆಗ ಕಿವಿಯೇ ಇರಲಿಲ್ಲ. ಬೆಳಗಿನ ತೇವಕ್ಕೆ ಮರಳೂ ಮರ್ಯಾದೆಯಾಗಿ ನಿಂತಿತು. ಗುಹೆ ಆಯಿತು. ನೆರಳು ಸಿಕ್ಕಿತೆಂದು ಹೆಂಡತಿ ಬಂಗಾರಮ್ಮ ಮೊದಲು ಊಟದ ಕ್ಯಾರಿಯರ್ ಒಳಗಿಟ್ಟರು. ಹಿಂದೆಯೇ ಇಂಪನಾ ಮಂಡಿಯೂರಿ ನುಗ್ಗಲು ಹೋದಳು. ಶಾಂಭವಿ ಅವಳ ಲಂಗ ಹಿಡಿದು ಹಿಂದಕ್ಕೆಳೆದಳು. ಅಷ್ಟರಲ್ಲಿ ಗುಹೆ ಒಂದು ಸದ್ದೂ ಮಾಡದೆ ಕೂತುಬಿಟ್ಟಿತು.

ಐದು ಮಂದಿ ಸೇರಿ ತೋಡಿದರು. ತೋಡಿದಷ್ಟೂ ಮರಳು ಜಾರಿ ಬಂತು. ಕ್ಯಾರಿಯರ್ ಸಿಗಲು ಹತ್ತು ನಿಮಿಷ ಹಿಡಿಯಿತು.

"ಚಿತ್ರಾನ್ನ ಎಲ್ಲಾ ಮರಳು. ಇನ್ನು ನಿಮ್ಮ ಅಚ್ಚು ನೋಡ್ಕೊಂಡೇ ಹೊಟ್ಟೆ ತುಂಬಿಸ್ಕೊಳ್ಳೋಣ" ಎಂದು ಬಂಗಾರಮ್ಮ ಸಿಡುಕಿದರು. ಎಲ್ಲರೂ ನಕ್ಕರು. ಶೇಷಪ್ಪನವರು ಮಾತ್ರ ನಗಲಿಲ್ಲ. ಇಂಪನಾಳ ಲಂಗಕ್ಕೆ ಅಂಟಿದ್ದ ಮರಳನ್ನು ಕೊಡವಿದರು.

"ಹತ್ತು ನಿಮಿಷ, ಶಾಂಭವಿ" ಎಂದರು. "ಕ್ಯಾರಿಯರ್‌ಗೆ ಉಸಿರಾಡೋ ಕೆಲಸ ಇರ್ಲಿಲ್ಲ, ಉಳೀತು. ಪುಟ್ಟಿ ಒಳಗಿದ್ದಿದ್ರೆ?"

ಮಾರನೆಯ ದಿನದಿಂದ ಶೇಷಪ್ಪನವರಿಗೆ ಹೊಸ ಡ್ಯೂಟಿ. ಹಿಂದಿನ ಬೀದಿಯಲ್ಲಿ ಮನೆ ಕಟ್ಟಲು ಸುರಿದ ಮರಳಿನ ಗುಡ್ಡೆಯ ಎದುರು ಕುರ್ಚಿ ಹಾಕಿಕೊಂಡು, ಸುರಂಗ ಕೊರೆಯುವ ಮಕ್ಕಳನ್ನು ಎಬ್ಬಿಸಿ ಕಳಿಸುವುದು.

ಬಂಧುಗಳೇ, ಕಡಲತೀರವಿರಲಿ, ಹೊಳೆದಂಡೆಯಿರಲಿ, ನಿಮ್ಮ ಮನೆಮುಂದಿನ ಮರಳಿರಲಿ, ಮಕ್ಕಳು ಅದರ ಮೇಲೆ ಆನೆ ಮಾಡಲಿ, ಕುದುರೆ ಮಾಡಲಿ. ಮಗುವಿನ ಮಂಡಿಗಿಂತ ಆಳದ ಗುಂಡಿ ಬೇಡ. ಗುಹೆಯಂತೂ ಬೇಡವೇ ಬೇಡ. ಅಗೆದ ಗುಂಡಿಯನ್ನು ಮುಚ್ಚಿಯೇ ಹೊರಡಿ. ನಿಮ್ಮ ಮನೆಯಲ್ಲೂ ಒಬ್ಬ ಶೇಷಪ್ಪನವರಿದ್ದರೆ, ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.