ಸುರಂಗದವರ ಮೇಲೆ ಕೇಸಿಲ್ಲ

ಮಧ್ಯಾಹ್ನದ ಊಟ ಮುಗಿದೊಡನೆ ಸರಣ್ಯಾ ಹಲಗೆಯ ಮೇಲಿನ ಪಾತ್ರೆಗಳನ್ನು ಇಳಿಸಿ ನೆಲದ ಮೇಲಿಡುತ್ತಿದ್ದಳು. ಕುಂದಾ ಕಣಿವೆಯ ಆ ಹಟ್ಟಿಯಲ್ಲಿ ಎಲ್ಲ ಹೆಂಗಸರೂ ಹಾಗೆಯೇ ಮಾಡುತ್ತಿದ್ದರು. ಮೇಲಿನ ಗುಡ್ಡದಲ್ಲಿ ವಿದ್ಯುತ್ ಯೋಜನೆಗೆಂದು ಸುರಂಗ ಕೊರೆಯುತ್ತಿದ್ದರು. ಸೈರನ್ ಕೂಗಿದ ಸ್ವಲ್ಪ ಹೊತ್ತಿಗೆ ಮದ್ದು ಸಿಡಿಯುತ್ತಿತ್ತು. ನೆಲ ನಡುಗಿ ಗೋಡೆಯ ಮಣ್ಣು ಉದುರುತ್ತಿತ್ತು.

ಅವಳ ಗಂಡ ಮುರಳೀಧರನ್ ಆ ಸುರಂಗದ ಕಂಟ್ರಾಕ್ಟರನ ಹತ್ತಿರವೇ ಜೀಪು ಓಡಿಸುತ್ತಿದ್ದ. ಮಾವ ಬೆಳ್ಳಿ ಎಂಬವರು ಹಟ್ಟಿಗೇ ಹಿರಿಯರು. ಅಡುಗೆಮನೆಯ ಗೋಡೆ ಕೈ ತೂರುವಷ್ಟು ಬಿರುಕು ಬಿಟ್ಟಾಗ ಸರಣ್ಯಾ ಕಂಟ್ರಾಕ್ಟರನ ಮ್ಯಾನೇಜರ್ ಸುಧಾಕರನ್‌ನನ್ನು ಕರೆತಂದು ತೋರಿಸಿದಳು. ಅವನು ಬಿರುಕಿನೊಳಗೆ ಕೈಯಿಟ್ಟು ನೋಡಿದ.

"ನಮ್ಮದು ಸರ್ಕಾರದ ಕೆಲಸಮ್ಮಾ. ಸದುದ್ದೇಶದಿಂದ ಮಾಡಿದ್ದಕ್ಕೆ ನಮ್ಮ ಮೇಲೆ ಕೇಸು ನಿಲ್ಲದ ಹಾಗೆ ಕಾನೂನಿನ ರಕ್ಷಣೆ ಇದೆ. ಯಾರ ಹತ್ರ ಬೇಕಾದ್ರೂ ಹೋಗಿ ಹೇಳಿ."

ಅವನು ಹೋದ ಮೇಲೆ ಮಾವ ರೇಗಿದರು. "ಸರ್ಕಾರಿ ಕೆಲಸದವರ ಎದುರು ನಿಲ್ಲೋದು ನಂಗಳ ಹಟ್ಟಿಯ ವಾಡಿಕೆ ಅಲ್ಲ. ಹಿಂದೆ ಇಲ್ಲಿ ಅಣೆಕಟ್ಟು ಕಟ್ಟುವಾಗ ಎನ್ನ ಅಪ್ಪನೂ ಬಾಯಿ ಮುಚ್ಚಿಕೊಂಡಿದ್ದ. ನೀ ಸುಮ್ಮನಿರು."

"ನಾನು ಸುಮ್ಮನಿದ್ದರೆ ಗೋಡೆ ಸುಮ್ಮನಿರುತ್ತಾ, ಮಾವಾ?"

ಅಂದಿನಿಂದ ಅವಳಿಗೆ ನಿದ್ದೆ ಹತ್ತಲಿಲ್ಲ. ಮಗಳ ಹಾಸಿಗೆಯನ್ನು ಹೊರಕೋಣೆಗೆ ತಂದಳು. ಅಡುಗೆಮನೆಯಲ್ಲೇ ಮಲಗುತ್ತಿದ್ದ ಅತ್ತೆಯನ್ನೂ ಈಚೆಗೆ ಕರೆದಳು. ಚಳಿಗೆ ಒಲೆಯ ಮುಂದೆಯೇ ಹಿತವೆಂದು ಮುದುಕಿ ಅಲ್ಲಾಡಲಿಲ್ಲ.

ಒಂದು ದಿನ ಸರಣ್ಯಾ ಮಗಳೊಡನೆ ಟೀ ಎಲೆಯ ಚೀಲವನ್ನು ರಸ್ತೆಗೆ ಸಾಗಿಸುತ್ತಿದ್ದಾಗ ಸೈರನ್ ಕೂಗಿತು. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ ಎಂದು ಚೀಲ ಎಸೆದು ಓಡಿದಳು. ಮನೆ ತಲುಪುವ ಮೊದಲೇ ಗುಡ್ಡ ಸಿಡಿಯಿತು. ಅಡುಗೆಮನೆಯಿದ್ದಲ್ಲಿ ಧೂಳೆದ್ದಿತ್ತು. ನೆರೆಯವರು ಕಲ್ಲು ಮಣ್ಣು ಸರಿಸಿ ಅತ್ತೆಯನ್ನು ಹೊರಗೆ ತೆಗೆಯುವಷ್ಟರಲ್ಲಿ ಜೀವ ಹೋಗಿತ್ತು.

ತಿಥಿ ಮುಗಿದ ಮೇಲೆ ಕುಲದೇವತೆ ಹೆತ್ತೆಯ ಗುಡಿಯ ಮುಂದೆ ಹಟ್ಟಿಯ ಕೂಟ ಸೇರಿತು. ಒಪ್ಪಂದ ಇಷ್ಟು: ಕಂಟ್ರಾಕ್ಟರ್ ಎಲ್ಲರ ಗೋಡೆಗಳನ್ನೂ ರಿಪೇರಿ ಮಾಡಿಸಿಕೊಡುವನು. ಅದಕ್ಕೆ ಬದಲಾಗಿ, ಗೋಡೆ ಮಳೆಗೆ ಬಿತ್ತೆಂದು ಹಟ್ಟಿಯವರು ದೀಪ ಮುಟ್ಟಿ ಆಣೆ ಇಡಬೇಕು. ಸುಧಾಕರನ್ ಪಕ್ಕದಲ್ಲೇ ನಿಂತಿದ್ದ. ದೀಪ ಹಚ್ಚಿ ಬೆಳ್ಳಿಯವರು ಸೊಸೆಯನ್ನು ಕರೆದರು. ಮುರಳೀಧರನ್ ಬೇಡುವವನಂತೆ ಹೆಂಡತಿಯನ್ನೇ ನೋಡುತ್ತಿದ್ದ.

ಸರಣ್ಯಾ ದೀಪದ ಮುಂದೆ ಬಂದು ನಿಂತಳು. "ತಿಳಿಯದೆ ತಪ್ಪಾದರೆ ಸದುದ್ದೇಶ ಅನ್ನಬಹುದು, ಮಾವಾ. ಈ ಅಣ್ಣ ಬಿರುಕಿಗೆ ಕೈಯಿಟ್ಟು ನೋಡಿದ್ರು. ನೋಡಿಯೂ ಮದ್ದು ಹಾಕಿದ್ದು ಯಾವ ಉದ್ದೇಶ? ಕೇಸು ನಿಲ್ಲಲ್ಲ ಅಂತ ಕೋರ್ಟು ಹೇಳಲಿ. ನಂಗಳೇ ಯಾಕೆ ಹೇಳಬೇಕು? ಎನಗೆ ಈ ಆಣೆ ಬೇಡ."

"ದೀಪ ಮುಟ್ಟದವರಿಗೆ ಹಟ್ಟಿಯಲ್ಲಿ ಜಾಗವಿಲ್ಲ!" ಬೆಳ್ಳಿಯ ದನಿ ಒಡೆದಿತ್ತು.

ಮರುದಿನ ಮಧ್ಯಾಹ್ನ ಸರಣ್ಯಾ ಮಗಳನ್ನು ನೆರೆಮನೆಯಲ್ಲಿ ಬಿಟ್ಟು ಗುಡ್ಡ ಹತ್ತಿದಳು. ಸುರಂಗದ ಬಾಯಿಯ ಹತ್ತಿರ ಬಂಡೆಯ ಮೇಲೆ ಕೂತಳು. ಸೈರನ್ ಕೂಗಿತು. ಸುಧಾಕರನ್ ಕಿರುಚುತ್ತ ಓಡಿಬಂದ.

"ಏಳಮ್ಮಾ! ಸತ್ತರೆ ನಾವು ಹೊಣೆಯಲ್ಲ!"

"ನಾನು ಇಲ್ಲಿರೋದು ಈಗ ನಿಮಗೆ ಗೊತ್ತಾಯ್ತಲ್ಲ," ಎಂದಳು. "ಗೊತ್ತಿದ್ದೂ ಹಾಕೋದಾದ್ರೆ ಹಾಕಿ."

ಸುಧಾಕರನ್ ಆಳುಗಳ ಕಡೆ ತಿರುಗಿದ. ಯಾರೂ ಮದ್ದಿನ ತಂತಿ ಮುಟ್ಟಲಿಲ್ಲ.

ಆಗ ಕಾಲುದಾರಿಯಲ್ಲಿ ಬೆಳ್ಳಿ ಏದುಸಿರು ಬಿಡುತ್ತ ಬರುವುದು ಕಾಣಿಸಿತು. ಎಳೆದುಕೊಂಡು ಹೋಗಲು ಬಂದರೆಂದು ಅವಳು ಬಂಡೆಯನ್ನು ಬಿಗಿಯಾಗಿ ಹಿಡಿದಳು. ಮುದುಕರು ಅವಳನ್ನು ನೋಡಲಿಲ್ಲ. ನೇರವಾಗಿ ಸುಧಾಕರನ್‌ಗೆ ಹೇಳಿದರು:

"ಎನ್ನ ಹೆಂಡತಿ ಮಳೆಗೆ ಸಾಯಲಿಲ್ಲ. ಕೋರ್ಟಲ್ಲಿ ನಾನೇ ಹೇಳುವೆ."

ಹೇಳಿ, ಸೊಸೆಯ ಪಕ್ಕದಲ್ಲಿ ಬಂಡೆಯ ಮೇಲೆ ಕೂತರು.